ನಸೀಮಕ್ಕ ಗುಡ್ಡ ಹತ್ತಿದ ಬೇಸಿಗೆ

ನಮ್ಮ ಓಣಿಗೆ ಇನ್ನೂ ನಳ ಬಂದಿರದ ಕಾಲದ ಮಾತು ಇದು. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಬೆಳಗಾಗುತ್ತಲೇ ಮಗ್ಗದ ಸಪ್ಪಳ ಶುರುವಾದರೆ ಊಟದ ಹೊತ್ತಿಗಷ್ಟೇ ನಿಲ್ಲುತ್ತಿತ್ತು. ಬೇಸಿಗೆಯ ಸೂಟಿ ಬಂತೆಂದರೆ ನಮ್ಮಂಥ ಹುಡುಗಿಯರಿಗೆ ಎರಡೇ ಕೆಲಸ. ಅರ್ಧ ದಿನ ಅವ್ವನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದು, ಉಳಿದ ಅರ್ಧ ದಿನ ಕಟ್ಟೆಯ ಮೇಲೆ ಗಜಗದ ಕಾಯಿ ತೂರಿ ಹಿಡಿದು ಆಡುವುದು. ಬಾಯಲ್ಲಿ ಮಾತ್ರ ಇಡೀ ದಿನ ಚಿಗಳಿ ಇರಬೇಕು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು ಕುಟ್ಟಿ ಕಡ್ಡಿಗೆ ಚುಚ್ಚಿದ ಆ ಚಿಗಳಿಯನ್ನು ಚೀಪಿ ನಾಲಿಗೆ ಸುಲಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ಇಯತ್ತೆ ಪಾಸಾದ ವರ್ಷ ನನಗೆ ಮೂರನೆಯದೊಂದು ಕೆಲಸ ಸಿಕ್ಕಿತು. ಕೊಟ್ಟವಳು ಪಕ್ಕದ ಮನೆಯ ನಸೀಮಕ್ಕ.

ಅವಳ ಅಪ್ಪನನ್ನು ಊರೆಲ್ಲ ಕಲಾಯಿ ಚಾಚಾ ಎನ್ನುತ್ತಿತ್ತು. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಕೆಂಡದ ಮೇಲೆ ಕಾಸಿ, ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವುದು ಅವರ ಕಸುಬು. ತವರದ ಜೊತೆ ಉಜ್ಜುವ ನವಸಾಗರದ ಹೊಗೆ ಎದ್ದರೆ ನಮ್ಮ ಮನೆಯವರೆಗೂ ಮೂಗು ಚುರುಗುಟ್ಟುತ್ತಿತ್ತು. ಇಂದಿಗೂ ಎಲ್ಲಾದರೂ ಆ ವಾಸನೆ ಬಂದರೆ ನಾನು ನಿಂತುಬಿಡುತ್ತೇನೆ.

ನಸೀಮಕ್ಕನಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು. ಅವಳ ವಾರಿಗೆಯ ಹುಡುಗಿಯರು ಕೂಸುಗಳನ್ನು ಎತ್ತಿಕೊಂಡು ತವರಿಗೆ ಬಂದು ಹೋಗುತ್ತಿದ್ದರು. ಇವಳ ಲಗ್ನದ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಮೂರು ವಾರಕ್ಕೊಮ್ಮೆ ತಾಯಿ ಖಾದರಬಿ ಚಾಚಿಯ ಜೊತೆ ಬಸ್ಸು ಹತ್ತಿ ರೋಣದ ದವಾಖಾನೆಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಿದ್ದಳು. ನಸೀಮಕ್ಕನಿಗೆ ಎದೆಯ ಬೇನೆ ಇದೆಯೆಂದು ಓಣಿಯ ಹೆಂಗಸರು ದನಿ ತಗ್ಗಿಸಿ ಹೇಳುವುದನ್ನು ಕೇಳಿದ್ದೆ. ನನಗೆ ಕಂಡಂತೆ ಅವಳಿಗೆ ಇದ್ದದ್ದು ಒಂದೇ ಬೇನೆ: ಕಂಡದ್ದನ್ನೆಲ್ಲ ಕೇಳುವುದು. ಮಾಳಿಗೆಯ ಜಂತಿಗೆ ಅಂಟಿಕೊಂಡ ಹಲ್ಲಿ ನಿದ್ದೆ ಬಂದಾಗ ಬೀಳುವುದಿಲ್ಲ ಯಾಕೆ? ಬಣ್ಣದ ನೂಲು ತೊಳೆದರೆ ಮೊದಲ ನೀರಷ್ಟೇ ಕೆಂಪಾಗುತ್ತದೆ ಯಾಕೆ? ಒಮ್ಮೆ ನನ್ನ ಅಜ್ಜಿ ಬೇಸತ್ತು, ಎಲ್ಲ ದೇವರು ಮಾಡಿದ್ದು ಎಂದುಬಿಟ್ಟಳು. ನಸೀಮಕ್ಕ ಒಪ್ಪಿಕೊಂಡಳು.

“ಖರೇ ಅಮ್ಮಾ, ದೇವರ ಮಾಡ್ಯಾನ. ಹ್ಯಾಂಗ ಮಾಡ್ಯಾನ?”

ಆ ಬೇಸಿಗೆಯಲ್ಲಿ ಅವಳ ತಲೆ ಹೊಕ್ಕಿದ್ದು ಕೋಟೆ ಗುಡ್ಡದ ಹೊಂಡ. ಓಣಿಯ ಬಾವಿಯಲ್ಲಿ ಬರೀ ರಾಡಿ ಉಳಿದಿತ್ತು. ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಆದರೆ ಗುಡ್ಡದ ಮೇಲೆ ಕಲ್ಲು ಕಟ್ಟಿದ ಹೊಂಡದಲ್ಲಿ ನೀರಿತ್ತು. ನೀರು ಇಳಿಜಾರಿಗೆ ಹರಿಯುವುದಾದರೆ ಮೇಲಿನದು ಮೊದಲು ಬತ್ತಬೇಕಲ್ಲ, ಕೆಳಗಿನ ಬಾವಿ ಯಾಕೆ ಬತ್ತಿತು ಎಂದು ಅವಳು ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಾಗಾದರೆ ತಿಳಿಯೋಣ ಎಂದಳು.

ಅವ್ವನ ಮಗ್ಗದಿಂದ ಒಂದು ಮಾರು ಗಟ್ಟಿ ನೂಲು ತಂದೆವು. ಅದರ ತುದಿಗೆ ಒಂದು ಕಲ್ಲು ಕಟ್ಟಿದೆವು. ದಿನಾ ಗುಡ್ಡಕ್ಕೆ ಆಡು ಹೊಡೆದುಕೊಂಡು ಹೋಗುವ ಒಬ್ಬ ಮುದುಕಿಯ ಬೆನ್ನು ಹತ್ತಿ ನಾನು ಎರಡು ದಿನಕ್ಕೊಮ್ಮೆ ಮೇಲೆ ಹೋಗಬೇಕು. ಹೊಂಡದ ಮೇಲಿನ ಒಂದೇ ಗುರುತಿನ ಕಲ್ಲಿನ ಮೇಲೆ ಬೋರಲು ಮಲಗಿ ನೂಲು ಇಳಿಬಿಡಬೇಕು. ತುದಿಯ ಕಲ್ಲು ನೀರಿಗೆ ತಾಗಿದೊಡನೆ, ಮೇಲೆ ನೂಲು ಹಿಡಿದ ಜಾಗದಲ್ಲಿ ಗಂಟು ಹಾಕಬೇಕು. ಇತ್ತ ಅವಳು ಅಪ್ಪನ ಹತ್ತಿರದ ಒಂದು ಅಗಲ ಬಾಯಿಯ ಹಂಡೆಗೆ ನೀರು ತುಂಬಿ ಮಾಳಿಗೆಯ ಬಿಸಿಲಿಗೆ ಇಟ್ಟಳು. ಟ್ಯಾಂಕರಿನ ನೀರನ್ನು ಸುಮ್ಮನೆ ಬಿಸಿಲಿಗಿಟ್ಟಳೆಂದು ಖಾದರಬಿ ಚಾಚಿ ಎರಡು ದಿನ ಗೊಣಗಿದರು.

ಇಪ್ಪತ್ತು ದಿನ ಕಳೆದ ಮೇಲೆ ನೋಡಿದರೆ ಹಂಡೆಯ ನೀರು ಒಂದು ಗೇಣು ಇಳಿದಿತ್ತು. ಹೊಂಡದ ನೀರು ಇಳಿದದ್ದು ನಾಲ್ಕು ಬೆರಳು. ಬಿಸಿಲು ಎರಡಕ್ಕೂ ಒಂದೇ, ಮೇಲಾಗಿ ಹೊಂಡದ ನೀರನ್ನು ಆಡುಗಳೂ ಕುಡಿಯುತ್ತವೆ. ನಸೀಮಕ್ಕ ಆ ನೂಲನ್ನು ತೊಡೆಯ ಮೇಲೆ ಹಾಸಿಕೊಂಡು ಗಂಟುಗಳ ನಡುವಿನ ಅಂತರವನ್ನು ಮತ್ತೊಮ್ಮೆ ಬೆರಳಿನಿಂದ ಅಳೆದಳು. ಒಳಗಿನಿಂದ ಎಲ್ಲಿಂದಲೋ ನೀರು ಬರುತ್ತಿದೆ ಎಂದಳು. ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ನಮ್ಮಿಬ್ಬರಿಗೆ ಗೊತ್ತಾಗಿತ್ತು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಯಾವ ಗೋಡೆಯ ಪಾಚಿ ಹೆಚ್ಚು ಹಸಿರು, ಜೇನು ಎಲ್ಲಿ ಕೂತು ನೀರು ಕುಡಿಯುತ್ತದೆ, ಯಾವ ಮೂಲೆಯ ನೀರು ತಣ್ಣಗಿದೆ ಎಂದು ಅವಳು ಕೇಳುವುದು, ನಾನು ಮತ್ತೆ ಗುಡ್ಡಕ್ಕೆ ಓಡುವುದು. ನಾನು ನೋಡಿದ್ದೆ, ಆದರೆ ಕಂಡಿರಲಿಲ್ಲ. ಅವಳೇ ಬಂದರೆ ಒಂದು ಗಳಿಗೆಯಲ್ಲಿ ಮುಗಿಯುತ್ತದಲ್ಲ ಎನ್ನಿಸಿತು. ಬಾ ಎಂದರೆ ಪ್ರತಿ ಸಲವೂ ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ ನಾನು ಸುಳ್ಳು ಹೇಳಿದೆ. ಗೋಡೆಯೊಳಗಿನಿಂದ ನೀರು ಕಾರಂಜಿಯ ಹಾಗೆ ಚಿಮ್ಮುತ್ತಿದೆ ಎಂದೆ.

ಅವಳು ಕೈಯಲ್ಲಿದ್ದ ನೂಲನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಖರೇ, ಗಿರಿಜಾ?”

“ಖರೇ.”

“ಹಂಗಾರ ನಾಳೆ ಮುಂಜಾನೆ ಹೋಗೂಣು. ಯಾರಿಗೂ ಹೇಳಬ್ಯಾಡ.”

ಮರುದಿನ ಚಾಚಾ ಮದುವೆ ಮನೆಯೊಂದರ ಪಾತ್ರೆಗಳಿಗೆ ಕಲಾಯಿ ಹಾಕಲು ಸವಡಿ ಊರಿಗೆ ಹೋಗಿದ್ದರು. ಚಾಚಿ ಬಳಗದವರ ಮನೆಗೆ ಹೋಗಿದ್ದರು. ನಾವು ಬಿಸಿಲೇರುವ ಮುಂಚೆಯೇ ಹೊರಟೆವು.

ನಾನು ಓಡಿ ಹತ್ತುತ್ತಿದ್ದ ಗುಡ್ಡದ ಮೆಟ್ಟಿಲುಗಳಿಗೆ ಅಂದು ಅರ್ಧ ಮುಂಜಾನೆ ಹಿಡಿಯಿತು. ಐದಾರು ಮೆಟ್ಟಿಲಿಗೊಮ್ಮೆ ನಸೀಮಕ್ಕ ಕೂತುಬಿಡುತ್ತಿದ್ದಳು. ಕೂತಲ್ಲೆಲ್ಲ ಅವಳಿಗೆ ಏನಾದರೊಂದು ಕಾಣುತ್ತಿತ್ತು. ಸತ್ತ ಜೀರುಂಡೆಯನ್ನು ಹೊತ್ತ ಇರುವೆಗಳು ಮೆಟ್ಟಿಲಿನ ಅಂಚಿಗೆ ಬಂದು ಅದನ್ನು ಕೆಳಗೆ ಕೆಡವಿ, ತಾವು ಸುತ್ತಿ ಇಳಿದು ಮತ್ತೆ ಹೊರುವುದನ್ನು ತೋರಿಸಿದಳು. ಕಲ್ಲು ಒಡೆದವರು ಉಳಿಯಿಂದ ಕೊರೆದ ಸಣ್ಣ ತೂತುಗಳ ಸಾಲನ್ನು ತೋರಿಸಿದಳು. ಆ ದಾರಿಯಲ್ಲಿ ನೂರು ಸಲ ಹೋಗಿದ್ದ ನಾನು ಅವೊಂದನ್ನೂ ಕಂಡಿರಲಿಲ್ಲ. ಉಸಿರು ಸಿಗದೆ ಕೂರುತ್ತಿದ್ದಳೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಾಗೆಂದು ಅವಳು ನೋಡಿದ್ದು ಬರೀ ನೆವವಾಗಿರಲಿಲ್ಲ. ಇರುವೆಗಳನ್ನು ನೋಡಿ ಅವಳು ನಕ್ಕ ನಗೆ ನೆವದ್ದಾಗಿರಲು ಸಾಧ್ಯವೇ ಇಲ್ಲ.

ಮೇಲೆ ಮುಟ್ಟಿದ ಮೇಲೆ ಅವಳು ಕಾರಂಜಿ ಎಲ್ಲಿ ಎಂದು ಕೇಳಿದಳು. ನನಗೆ ಅಳು ಬಂತು. ಅಳುತ್ತಲೇ ಸುಳ್ಳು ಹೇಳಿದೆ ಎಂದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ದುಪಟ್ಟಾದ ಸೆರಗಿನಿಂದ ನನ್ನ ಮೂಗು ಒರೆಸಿದಳು.

“ಇರ್ಲಿ ಬಿಡು. ಬಂದೇವಲ್ಲ, ಈಗ ಹುಡುಕೂಣು.”

ಹುಡುಕಿದೆವು. ನೀರಿಗೆ ಇಳಿಯುವ ಪಾವಟಿಗೆಗಳ ಮೇಲೆ ಕೂತು ಜರುಗುತ್ತ ಜರುಗುತ್ತ ಅವಳು ಮೂರು ಗೋಡೆಗಳನ್ನು ಕೈಯಿಂದ ಸವರಿದಳು. ಬಡಗಣ ಗೋಡೆಯಲ್ಲಿ, ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಅವಳ ಕೈ ನಿಂತಿತು. ನನ್ನ ಬೆರಳನ್ನು ಹಿಡಿದು ಅಲ್ಲಿ ಇಟ್ಟಳು. ತಣ್ಣಗಿತ್ತು. ದಾರದಷ್ಟು ಸಣ್ಣ ನೀರು ಪಾಚಿಯ ಹಿಂದೆ ಸದ್ದಿಲ್ಲದೆ ಇಳಿಯುತ್ತಿತ್ತು. ನಸೀಮಕ್ಕ ಆ ಕಲ್ಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಏನು ಕೇಳಿಸಿತೋ, ನನಗೆ ಹೇಳಲಿಲ್ಲ. ಬುತ್ತಿಯಲ್ಲಿದ್ದ ಕಟಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಆ ನೀರನ್ನೇ ಬೊಗಸೆಯಲ್ಲಿ ಹಿಡಿದು ಕುಡಿದೆವು.

ಇಳಿದು ಬರುವಾಗ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೊನೆಯ ಮೆಟ್ಟಿಲಿನಲ್ಲಿ ಕೂತವಳು ಏಳಲೇ ಇಲ್ಲ. ಕೆಳಗೆ ನಿಂತಿದ್ದ ಟಂಟಂ ರಿಕ್ಷಾದವನು ಗುರುತಿನವನು, ಮನೆಗೆ ತಂದು ಮುಟ್ಟಿಸಿದ. ಸಂಜೆಗೆ ಕೆಮ್ಮು ಹೆಚ್ಚಾಯಿತು. ಮರುದಿನ ಅವಳನ್ನು ಹುಬ್ಬಳ್ಳಿಗೆ ಒಯ್ದರು.

ಹೊರಡುವ ಮೊದಲು ಚಾಚಾ ನಮ್ಮ ಮನೆಗೆ ಬಂದರು. ನಾನು ಮಗ್ಗದ ಕುಣಿಯೊಳಗೆ ಇಳಿದು ಅವ್ವನ ಕಾಲ ಬಳಿ ಅಡಗಿ ಕೂತಿದ್ದೆ. ಗುಡ್ಡಕ್ಕೆ ಹೋಗುವುದು ತನ್ನದೇ ಹಟವಾಗಿತ್ತು, ಗಿರಿಜಾ ಕೈ ಹಿಡಿದುಕೊಳ್ಳಲು ಬಂದಿದ್ದಳು, ಅವಳಿಗೆ ಏನೂ ಅನ್ನಬೇಡಿ ಎಂದು ಮಗಳು ಹೇಳಿ ಕಳಿಸಿದ್ದಾಳೆಂದು ಅವರು ಅವ್ವನಿಗೆ ಹೇಳಿದರು. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ಕೈ ನನಗೆ ಬೆಂಕಿಯಂತೆ ಸುಟ್ಟಿತು.

ಹನ್ನೆರಡು ದಿನಕ್ಕೆ ಅವಳು ತಿರುಗಿ ಬಂದಳು. ನಾನು ಆ ಕಡೆ ಸುಳಿಯಲಿಲ್ಲ. ಕೊನೆಗೆ ಅವ್ವ ಗಂಜಿಯ ಡಬ್ಬಿ ಕೈಗೆ ಕೊಟ್ಟು ದೂಡಿದಳು. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದ ನಸೀಮಕ್ಕ ನನ್ನನ್ನು ಕಂಡೊಡನೆ ಕೇಳಿದ್ದು ನೀರು ಎಷ್ಟಿಳಿದಿದೆ ಎಂದು. ನಾನು ಅಳತೆ ಬಿಟ್ಟು ಬಹಳ ದಿನವಾಗಿತ್ತು. ಅವಳು ನನ್ನ ಮೇಲೆ ಸಿಟ್ಟಾದದ್ದು ಅದೊಂದಕ್ಕೇ.

ಮಳೆಗಾಲ ಹಿಡಿದ ಮೇಲೆ ನಾನು ಹೊಂಡ ಏರುವುದನ್ನು ಅಳೆದು ಬಂದು ಆ ಮಂಚದ ಪಕ್ಕ ಕೂತು ವರದಿ ಒಪ್ಪಿಸಿದೆ. ಒಂದು ದಿನ ಅವಳು ದಿಂಬಿನ ಕೆಳಗಿನಿಂದ ಒಂದು ಚೀಟಿ ತೆಗೆದಳು. ಹುಬ್ಬಳ್ಳಿಯ ಡಾಕ್ಟರರು ಅವಳ ಕಾಟ ತಾಳದೆ ಬರೆದುಕೊಟ್ಟ ಎದೆಯ ಚಿತ್ರ ಅದು. ಹೊಸದೊಂದು ಹೊಂಡ ಸಿಕ್ಕವಳಂತೆ ಅದರ ಮೇಲೆ ಬೆರಳಾಡಿಸಿದಳು.

“ಇಲ್ಲಿ ನಾಕ ಖೋಲಿ ಅದಾವ. ನಡುವ ಬಾಗಲಾ. ನಂದು ಈ ಬಾಗಲಾ ಪೂರಾ ತೆರ್ಯಂಗಿಲ್ಲ. ಸಣ್ಣಾಕಿದ್ದಾಗ ಗಂಟಲ ಬೇನಿ ಬಂದಿತ್ತಲ್ಲ, ಅದರಿಂದಂತ. ಗಂಟಲದ್ದು ಎದಿಗೆ ಹ್ಯಾಂಗ ಹೋತ್ರಿ ಅಂತ ಕೇಳಿದೆ. ಮೊದಲ ನಕ್ರು. ಆಮ್ಯಾಲ ಕುಂತು ಹೇಳಿದ್ರು.”

ದಸರೆ ಮುಗಿದ ಮೇಲೆ ಆಪರೇಶನ್ ಮಾಡುವುದೆಂದು ಗೊತ್ತಾಗಿತ್ತು. ಹೆದರಿಕೆ ಇಲ್ಲವೇ ಎಂದು ಕೇಳಿದೆ. ಅವಳು ಚೀಟಿಯನ್ನು ಮಡಿಸಿ ಮತ್ತೆ ದಿಂಬಿನ ಕೆಳಗೆ ಇಟ್ಟಳು.

“ಐತಿ. ಆದ್ರ ಅವರು ತೆರದಾಗ ನಾನು ಎಚ್ಚರ ಇರಂಗಿಲ್ಲಂತ. ಅದ ಬ್ಯಾಸರ.”

ನಾಗರ ಪಂಚಮಿಗೆ ನಾನು ಒಯ್ದ ಎಳ್ಳುಂಡಿಯಲ್ಲಿ ಅರ್ಧ ತಿಂದಳು. ಅದಾಗಿ ಎಂಟು ದಿನಕ್ಕೆ, ಶಾಲೆ ಬಿಟ್ಟು ಬರುತ್ತ ಓಣಿಯ ತಿರುವಿಗೆ ಬಂದಾಗ ನನಗೆ ಏನೋ ತಪ್ಪಿದೆ ಎನ್ನಿಸಿತು. ಒಂದೂ ಮಗ್ಗದ ಸಪ್ಪಳ ಇರಲಿಲ್ಲ. ನೇಕಾರರೆಲ್ಲ ಕಲಾಯಿ ಚಾಚಾನ ಮನೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ನನ್ನನ್ನು ಒಳಗೆ ಬಿಟ್ಟರು. ಬಿಳಿಯ ಬಟ್ಟೆಯ ನಡುವೆ ಮುಖವಷ್ಟೇ ಕಾಣುತ್ತಿತ್ತು. ನಾನು ಅಳಲಿಲ್ಲ. ಕಣ್ಣು ಮುಚ್ಚಿಕೊಂಡು ಅಂದು ಕಲ್ಲಿಗೆ ಕಿವಿ ಹಚ್ಚಿದ್ದಾಗ ಹೇಗಿದ್ದಳೋ ಹಾಗೇ ಇದ್ದಾಳಲ್ಲ ಎಂದು ನೋಡುತ್ತ ನಿಂತಿದ್ದೆ. ಆಮೇಲೆ ಗಂಡಸರು ಅವಳನ್ನು ಎತ್ತಿಕೊಂಡು ಹೋದರು.

ಅವಳನ್ನು ಕೊಂದದ್ದು ನನ್ನ ಸುಳ್ಳು ಎಂಬುದನ್ನು ನಾನು ಬಹಳ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡೆ. ಓದಿದೆ, ಶಿಕ್ಷಕಿಯಾದೆ, ನರಗುಂದಕ್ಕೆ ಬಂದು ನೆಲೆಸಿದೆ. ಮಕ್ಕಳಿಗೆ ಹೃದಯದ ಪಾಠ ಮಾಡುವ ದಿನ ಹಲಗೆಯ ಮೇಲೆ ನಾಲ್ಕು ಖೋಲಿ ಬರೆದು ನಡುವಿನ ಬಾಗಿಲು ಬರೆಯದೆ ಬಿಟ್ಟದ್ದೂ ಉಂಟು. ಮೂರು ವರ್ಷದ ಕೆಳಗೆ ತವರಿಗೆ ಹೋದಾಗ ಖಾದರಬಿ ಚಾಚಿಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಚಾಚಾ ಆಗಲೇ ತೀರಿಹೋಗಿದ್ದರು. ಚಾಚಿಗೆ ಕಣ್ಣು ಮಂದವಾಗಿತ್ತು. ಅವರು ನನ್ನ ಕೈಯನ್ನು ತಡಕಿ ಹಿಡಿದುಕೊಂಡರು.

“ಆಕಿಗೆ ಅವತ್ತ ಗೊತ್ತಿತ್ತವ್ವಾ. ನೀರು ಚಿಮ್ಮಿ ಬಂದಿದ್ರ ಹೊಂಡ ಏರಬೇಕಿತ್ತು, ಗಂಟು ನೋಡಿದ್ರ ನೀರು ಇಳಿಯಾಕತ್ತಿತ್ತು ಅಂತ ನನ್ನ ಮುಂದ ಹೇಳಿ ನಕ್ಕಿದ್ಲು. ಪಾಪ, ಸಣ್ಣ ಹುಡಿಗಿ, ಸುಳ್ಳು ಹೇಳಾಕೂ ಬರಂಗಿಲ್ಲ ಅಂದಿದ್ಲು. ಆಕಿಗೆ ಹೋಗಬೇಕಾಗಿತ್ತು, ಹೋದ್ಲು.”

ಆ ಗುಡ್ಡ ಹತ್ತಿದ್ದರಿಂದ ಆಯುಷ್ಯ ಕಡಿಮೆಯಾಯಿತೇ ಎಂದು ತಾವೂ ಹುಬ್ಬಳ್ಳಿಯ ಡಾಕ್ಟರರನ್ನು ಕೇಳಿದ್ದರಂತೆ. ಎದೆಯ ಬಾಗಿಲು ಮೊದಲೇ ಬಹಳ ಕೆಟ್ಟಿತ್ತು, ಒಂದು ದಿನದ ಮಾತಲ್ಲ ಇದು ಎಂದು ಅವರು ಹೇಳಿದ್ದರಂತೆ. ಅದರ ಮೇಲೂ ಒಂದು ಎಳೆ ಅನುಮಾನ ನನ್ನಲ್ಲಿ ಉಳಿದಿದೆ. ಅದು ಉಳಿಯಲಿ. ಆದರೆ ಅಂದು ಮನೆಗೆ ಬಂದು ನಾನು ಅವ್ವನ ಎದುರು ಮೊದಲ ಸಲ ನಸೀಮಕ್ಕನಿಗಾಗಿ ಅತ್ತೆ.

ಅವಳಿಗಿಂತ ನಾನೀಗ ಎಷ್ಟೋ ದೊಡ್ಡವಳು, ಆದರೂ ಅಕ್ಕ ಎಂದೇ ಬಾಯಿಗೆ ಬರುತ್ತದೆ. ಓಣಿಗೆ ನಳ ಬಂದು ಎಷ್ಟೋ ಕಾಲವಾಯಿತು. ಗಜೇಂದ್ರಗಡದ ಆಸುಪಾಸಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಬಸ್ಸಿನಲ್ಲಿ ಬರುವಾಗ ದೂರದಿಂದಲೇ ಆ ಉದ್ದನೆಯ ರೆಕ್ಕೆಗಳು ತಿರುಗುವುದು ಕಾಣುತ್ತದೆ. ಅವಳು ಅವನ್ನು ನೋಡಲಿಲ್ಲ. ನೋಡಿದ್ದರೆ ಮೊದಲು ಏನು ಕೇಳುತ್ತಿದ್ದಳು ಎಂದು ನಾನು ಪ್ರತಿ ಸಲವೂ ಊಹಿಸಲು ಹೋಗುತ್ತೇನೆ. ರೆಕ್ಕೆ ಮೂರೇ ಯಾಕೆ, ಗಾಳಿ ಇದ್ದರೂ ಒಂದೊಂದು ಯಾಕೆ ಸುಮ್ಮನೆ ನಿಂತಿರುತ್ತದೆ, ಹೀಗೆ ಏನೇನೋ ಹೊಳೆಯುತ್ತದೆ. ಅವೆಲ್ಲ ಶಿಕ್ಷಕಿಯೊಬ್ಬಳಿಗೆ ಹೊಳೆಯುವ ಪ್ರಶ್ನೆಗಳು. ಅವಳು ಕೇಳುತ್ತಿದ್ದದ್ದು ಬೇರೆಯೇ ಏನೋ ಇರುತ್ತಿತ್ತು. ಅದು ಏನೆಂದು ನನಗೆ ಎಂದಿಗೂ ತಿಳಿಯುವುದಿಲ್ಲ.