ಮಾವನವರ ವಿಲಾಯತಿ ತಾವರೆ

ನಿಜಾಮರ ಆಳ್ವಿಕೆ ಮುಗಿದ ಮೇಲೆ ಮುದಗಲ್ಲಿನ ಜಾಗೀರದಾರರೊಬ್ಬರು ಮನೆ ಖಾಲಿ ಮಾಡಿದರು. ಅಲ್ಲಿಂದ ನನ್ನ ಮಾವನವರು ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ನೈದಿಲೆ ಗೆಡ್ಡೆಯನ್ನು ಲಿಂಗಸುಗೂರಿನ ತಮ್ಮ ಮನೆಗೆ ತಂದರು. ನಾನು ಅವರ ಮನೆಗೆ ಸೊಸೆಯಾಗಿ ಬಂದ ಹೊಸತು. ಮಾವನವರಿಗೆ ಅರಿವೆ ಅಂಗಡಿಯಿತ್ತು, ಅದಕ್ಕಿಂತ ದೊಡ್ಡ ರುಮಾಲಿತ್ತು.

ಅಂಗಳದಲ್ಲಿ ತಾವು ಮಲಗುವ ಮಂಚಕ್ಕೆ ತಂಪಾಗಲೆಂದು ಬೇವಿನ ನೆರಳಲ್ಲಿ ಕಲ್ಲಿನ ತೊಟ್ಟಿ ಇಡಿಸಿ, ಸಗಣಿ ತುಂಬಿದ ಕುಂಡದಲ್ಲಿ ಗೆಡ್ಡೆ ನೆಟ್ಟರು. ದಿನಾ ನೀರು ಬದಲಿಸಬೇಕೆಂದು ಅಪ್ಪಣೆ. ಬಾವಿಯಿಂದ ಸೇದಿ ಹೊರುವವರು ನಾನು ಮತ್ತು ಅತ್ತೆ. ಎಲೆಗಳು ಹಳದಿಯಾಗಿ ಕೊಳೆತವು, ನೀರು ನಾರಿತು.

"ಹೆಂಗಸರ ಕೈ ಗುಣ ಛಲೋ ಇಲ್ಲ" ಎಂದರು ಮಾವ.

ಅವರು ಸಿಂಧನೂರಿಗೆ ಹೋದ ದಿನ ಅತ್ತೆ ಸೀರೆ ಎತ್ತಿ ಕಟ್ಟಿದರು. "ಬಾ ಬೇ, ಈ ಹೆಣ ತಗಿಯೋಣು." ಹಿತ್ತಲಲ್ಲಿ ಎಮ್ಮೆಗಳ ಹಳೆಯ ತೊಟ್ಟಿ ಬಿಸಿಲಿಗೆ ಬಿದ್ದಿತ್ತು. ಕೆರೆಯ ಜಿಗುಟು ಮಣ್ಣು ತುಂಬಿದ ಬುಟ್ಟಿಯಲ್ಲಿ, ಇನ್ನೂ ಗಟ್ಟಿಯಿದ್ದ ಗೆಡ್ಡೆಯನ್ನು ಅಡ್ಡಲಾಗಿ ಹುಗಿದು, ಆ ತೊಟ್ಟಿಯ ನೀರೊಳಗಿಟ್ಟು, ನೀರು ಬದಲಿಸದೆ ಬಿಟ್ಟೆವು. ಮಾವನವರು ಕೇಳಲೂ ಇಲ್ಲ; ಅಷ್ಟರಲ್ಲಿ ಅವರ ಆಸೆ ಬತ್ತಿತ್ತು.

ಮುಂದಿನ ಬೇಸಿಗೆಗೆ ಗುಲಾಬಿ ಬಣ್ಣದ ನೈದಿಲೆ ಹೂಗಳು ಬಂದವು; ಮಾವನವರಿಗೆ ಅದು ತಾವರೆಯೇ. ಅವರ ಆಸೆಯೂ ಮರಳಿತು. ಊರಿಗೆ ಬಂದ ಹೊಸ ತಹಶೀಲ್ದಾರ ಸಾಹೇಬರನ್ನು "ನಾ ಬೆಳೆಸಿದ ವಿಲಾಯತಿ ತಾವರಿ ನೋಡಾಕ ಬರ್ರಿ" ಎಂದು ಸಂಜೆಯ ಚಹಾಕ್ಕೆ ಕರೆದೇಬಿಟ್ಟರು.

"ಮಧ್ಯಾಹ್ನ ಆದ ಮ್ಯಾಲೆ ಈ ಹೂ ಮುಚ್ಚಿಕೊಂತಾವ್ರಿ. ಮುಂಜಾನಿ ಬರ್ರಿ ಅನ್ರಿ" ಎಂದರು ಅತ್ತೆ.

"ಹೂವಿನ ವ್ಯಾಳ್ಯಾಕ್ಕ ಸಾಹೇಬ್ರು ಬರಬೇಕೇನು? ಅವ್ರು ಬಂದಾಗ ಅದು ಅರಳಬೇಕು."

ಸಾಹೇಬರು ಬಂದಾಗ ಎಲ್ಲವೂ ಬಿಗಿಯಾಗಿ ಮುಚ್ಚಿದ್ದವು. ಮಾವನವರು ತೊಟ್ಟಿಯ ಅಂಚಿಗೆ ಮೊಣಕಾಲೂರಿ, ಬಟ್ಟೆ ಅಳೆಯುವ ಬೆರಳುಗಳಿಂದ ಒಂದು ಹೂವನ್ನು ಬಿಡಿಸಹೊರಟರು. ದಳಗಳು ಹರಿದು ತೇಲಿದವು. ಇನ್ನೊಂದಕ್ಕೆ ಬಾಗಿದಾಗ ರುಮಾಲು ಜಾರಿ ನೀರಿಗೆ ಬಿತ್ತು.

"ಮೊಗ್ಗು ಛಲೋ ಅದಾವ್ರಿ" ಎಂದ ಸಾಹೇಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅವತ್ತು ನನಗೆ ನಗು ಬರಲಿಲ್ಲ, ಹೇಸಿಗೆಯಾಯಿತು. ತಪ್ಪೆಲ್ಲ ನಮ್ಮದೆಂದು ಮಾವನವರು ಒಳಗೆ ಬಂದು ಕೂಗಾಡಿದರು. ಗಂಡನ ಎದುರು ಎಂದೂ ಕೂರದ ಅತ್ತೆ ಕಟ್ಟೆಯ ಮೇಲೆ ಕೂತು, "ಬೈದು ಮುಗೀತಂದ್ರ ರುಮಾಲ ಹಿಂಡಿ ಒಣಗ ಹಾಕ್ರಿ" ಎಂದರು. ಮಾವನವರು ಒದ್ದೆ ರುಮಾಲು ಎತ್ತಿಕೊಂಡು ಹೊರಗೆ ನಡೆದರು. ಮತ್ತೆ ಹಿತ್ತಲ ಕಡೆ ಸುಳಿಯಲಿಲ್ಲ.

ಮಳೆಗಾಲದ ಮೊದಲು ಅತ್ತೆ ಗೆಡ್ಡೆಯ ಒಂದು ತುಂಡು ಮುರಿದು, "ಹೆಂಗಸರ ಕೈ ಗುಣ ಅಲ್ಲೂ ಅರಳ್ಲಿ" ಎಂದು ಮಸ್ಕಿಯ ನನ್ನ ತವರಿಗೆ ಕಳಿಸಿದರು.