ತಳದ ಒಂದು ಸೌಟು ಹಿಟ್ಟು

ನವಿ ಮುಂಬಯಿ ಖಾರಘರದ ನನ್ನ ಅಡುಗೆಮನೆಯಲ್ಲಿ ಇವತ್ತು ಬೆಳಿಗ್ಗೆ ಇಡ್ಲಿ ಹಿಟ್ಟು ಉಕ್ಕಿ, ಮುಚ್ಚಳವನ್ನೇ ಎತ್ತಿ, ಕಟ್ಟೆಯ ಮೇಲೆಲ್ಲ ಇಳಿದಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಡೊಂಬಿವಲಿಗೆ ಹೋಗಿಬಿಟ್ಟೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಹೂವಿನವರ ಸಾಲು ದಾಟಿದರೆ ನಮ್ಮ ಹಳೆಯ ಕಟ್ಟಡ. ಕೆಳಗೆ ಅಪ್ಪನ ಹೋಟೆಲು, ಮೇಲೆ ನಾವಿದ್ದ ಎರಡು ಕೋಣೆ. ಹೋಟೆಲಿನ ಗಲ್ಲಾಪೆಟ್ಟಿಗೆ ಅಪ್ಪನದಾದರೂ ಒಲೆ ಮಾತ್ರ ಅಪ್ಪನ ಅಕ್ಕ ಸುಮತಿ ಅತ್ತೆಯದು. ಗಂಡ ತೀರಿಕೊಂಡ ಮೇಲೆ ಉಡುಪಿಯಿಂದ ತಮ್ಮನ ಜೊತೆ ಬಂದವಳು, ಗ್ರೈಂಡರಿನ ಸದ್ದಿನಲ್ಲೇ ತನ್ನ ದುಃಖವನ್ನೆಲ್ಲ ರುಬ್ಬಿಕೊಂಡಳು. ಗಿರಾಕಿಗಳು ಎಷ್ಟೇ ಬರಲಿ, ಅತ್ತೆ ಹಿಟ್ಟಿನ ಪಾತ್ರೆಯನ್ನು ಪೂರ್ತಿ ಬಳಿಯುತ್ತಿರಲಿಲ್ಲ. ತಳದಲ್ಲಿ ಒಂದು ಸೌಟು ಉಳಿಯಬೇಕು, ಅದರ ಮೇಲೆ ಹೊಸ ಹಿಟ್ಟು ಬೀಳಬೇಕು. ಹೋಟೆಲು ಶುರುವಾದ ದಿನದ ಹಿಟ್ಟು ಆ ಪಾತ್ರೆಯಲ್ಲಿ ಇನ್ನೂ ಉಂಟು ಎಂಬುದು ಅವಳ ನಂಬಿಕೆ. ನನಗೂ ಅದು ಹೌದೆಂದೇ ಅನ್ನಿಸುತ್ತಿತ್ತು.

ಪಾತ್ರೆಗಿದ್ದ ನಿಯಮವೇ ಬಾಯಿಗೂ ಇತ್ತು. ಒಮ್ಮೆ ನಾನು ಒಳಗೆ ಇಣುಕಿ, "ಅತ್ತೇ, ಚಟ್ನಿ ಮುಗೀತು!" ಎಂದು ಕೂಗಿದೆ. ಅಯ್ಯೋ, ಆಗ ಅವಳ ಮುಖ ನೋಡಬೇಕಿತ್ತು. "ಎಂತ ಬಾಯಿ ಮಾರಾಯ್ತಿ ನಿಂದು! ಒಲೆ ಎದುರು ಹಾಗೆಲ್ಲ ಹೇಳ್ಬಾರ್ದು. ಚಟ್ನಿ ಮಾಡ್ಬೇಕು ಅಂತ ಹೇಳು," ಎಂದು ಗದರಿದಳು. ಆದರೆ ಮಾಣಿಗಳು ಇಡೀ ದಿನ "ವಡೆ ಓವರ್!", "ಗ್ಯಾಸ್ ಫಿನಿಶ್!" ಎಂದು ಕೂಗುತ್ತಿದ್ದರಲ್ಲ, ಅದಕ್ಕೆ ಅತ್ತೆ ತಲೆಯನ್ನೂ ಎತ್ತುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. ಅತ್ತೆ ಸೌಟು ಹಿಡಿದ ಕೈಯನ್ನು ಅರೆಗಳಿಗೆ ನಿಲ್ಲಿಸಿ, ಬಹಳ ಗಂಭೀರವಾಗಿ, "ಅನ್ನಪೂರ್ಣೆಗೆ ಇಂಗ್ಲಿಷ್ ಎಲ್ಲಿ ಬರ್ತದೆ? ಅವಳೆಂತ ಕಾನ್ವೆಂಟಿಗೆ ಹೋದವಳಾ?" ಎಂದಳು. ಗಲ್ಲಾದಲ್ಲಿದ್ದ ಅಪ್ಪ ನಕ್ಕೂ ನಕ್ಕೂ ಕೆಮ್ಮಿದ.

ಅಂದಿನಿಂದ ನನಗೆ ಆ ಇಂಗ್ಲಿಷ್ ಶಬ್ದಗಳ ಹುಚ್ಚು ಹಿಡಿಯಿತು. ಶಾಲೆಯಿಂದ ಬಂದು ಮೂಲೆಯ ಟೇಬಲ್ಲಿನಲ್ಲಿ ಕುಳಿತು ಒಂದೊಂದನ್ನೇ ಪರೀಕ್ಷೆ ಮಾಡುತ್ತಿದ್ದೆ. ಸ್ಟಾಪ್ ಆದ ಲೋಕಲ್ ರೈಲು ಸ್ವಲ್ಪ ಹೊತ್ತಿಗೆ ಹೊರಡುತ್ತದೆ. ಕ್ಲೋಸ್ ಆದ ಹೋಟೆಲು ಬೆಳಿಗ್ಗೆ ತೆರೆಯುತ್ತದೆ. ಫಿನಿಶ್ ಆದ ಗ್ಯಾಸಿಗೆ ಇನ್ನೊಂದು ಸಿಲಿಂಡರು ಬರುತ್ತದೆ. ಕಟ್ ಆದ ಕರೆಂಟು ಎಲ್ಲರೂ ಸಾಕಷ್ಟು ಬೈದ ಮೇಲೆ ಬಂದೇ ಬರುತ್ತದೆ. ಕ್ಯಾನ್ಸಲ್ ಆದ ಬದಲಾಪುರ ಗಾಡಿ ಕೂಡ ಮರುದಿನ ಅದೇ ಹೊತ್ತಿಗೆ ಹಾಜರು. ಹಾಗಾದರೆ ಮತ್ತೆ ಬಾರದೇ ಇರುವುದಕ್ಕೆ ಇಂಗ್ಲಿಷಿನವರಲ್ಲಿ ಶಬ್ದವೇ ಇಲ್ಲವೇ? ನನಗೆ ಸಿಕ್ಕಿದ್ದು ಒಂದೇ, ಬ್ರೆಡ್ಡಿನ ಪೊಟ್ಟಣದ ಮೇಲಿನ ಎಕ್ಸ್‌ಪೈರಿ. ಪಕ್ಕದ ಬಳೆ ಅಂಗಡಿಯ ಮರಾಠಿ ಕಾಕಾ ಅಂತೂ ಇಂಗ್ಲಿಷಿನ ತಂಟೆಗೇ ಹೋಗುತ್ತಿರಲಿಲ್ಲ. ರಾತ್ರಿ ಶಟರು ಎಳೆಯುವಾಗ "ಚಲಾ, ದುಕಾನ್ ವಾಢವ್ತೋ" ಎನ್ನುತ್ತಿದ್ದರು. ಮುಚ್ಚುತ್ತೇನೆ ಎನ್ನದೆ, ಅಂಗಡಿಯನ್ನು ಬೆಳೆಸುತ್ತೇನೆ ಎನ್ನುವ ಮಾತು! ಅತ್ತೆಗೆ ಅದು ಕೇಳಿದರೆ ಖುಷಿಯೋ ಖುಷಿ. "ನೋಡು, ಇವರಿಗೂ ಗೊತ್ತುಂಟು," ಎನ್ನುತ್ತಿದ್ದಳು.

ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಕಟ್ಟಡ ಕೆಡವುವುದೆಂದು ತೀರ್ಮಾನವಾಯಿತು. ಗೋಡೆಗಳು ಅಷ್ಟು ಬಿರುಕು ಬಿಟ್ಟಿದ್ದವು. ಅಲ್ಲಿ ಏಳುವ ಹೊಸ ಕಟ್ಟಡದಲ್ಲಿ ನಮಗೆ ಜಾಗವಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಠಾಣೆಯಲ್ಲಿ ಪರಿಚಯದವರೊಬ್ಬರ ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ, ಕಲ್ಯಾಣದಲ್ಲಿ ಬಾಡಿಗೆ ಮನೆ, ಎಲ್ಲ ನಿಶ್ಚಯ ಮಾಡಿಕೊಂಡಿದ್ದ. ಆದರೆ ಅತ್ತೆಗೆ ಹೇಳುವ ಧೈರ್ಯ ಯಾರಿಗಿದೆ? ಒಲೆಯೊಂದು ಬಿಟ್ಟರೆ ಅವಳಿಗೆ ಬೇರೆ ಏನಿತ್ತು? ಅದೂ ಹೋದರೆ ಹಾಸಿಗೆ ಹಿಡಿದುಬಿಡುತ್ತಾಳೆ ಎಂದು ನಮಗೆಲ್ಲ ಹೆದರಿಕೆ. "ಟೆಂಪರರಿ ಕ್ಲೋಸ್ ಅಷ್ಟೇ ಅಕ್ಕ," ಎಂದುಬಿಟ್ಟ ಅಪ್ಪ. ಶಟರಿಗೆ ಹಾಕುವ ಬೋರ್ಡನ್ನು ಬರೆಯಲು ನನಗೆ ಹೇಳಿದ. ನಾನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಕ್ಲೋಸ್ಡ್ ಎಂದು ಬರೆಯುತ್ತಿದ್ದಾಗ ಅತ್ತೆ ಬಂದು ಹಿಂದೆ ನಿಂತಳು. "ಇದು ಮತ್ತೆ ತೆರೆಯುವ ಶಬ್ದ ಅಲ್ವಾ?" ಎಂದು ಕೇಳಿದಳು. ಹೌದೆಂದೆ. ಅವಳು ನನ್ನ ತಲೆ ಸವರಿ ಒಳಗೆ ಹೋದಳು.

ಕೊನೆಯ ದಿನ ಮಧ್ಯಾಹ್ನ ಮಾಣಿಗಳು ಬ್ಯಾಗು ಹಿಡಿದು ಹೊರಟಾಗಿತ್ತು. ಬಳೆ ಅಂಗಡಿಯ ಕಾಕಾ ಬಾಗಿಲಿನವರೆಗೆ ಬಂದು, ಖಾಲಿ ಟೇಬಲ್ಲುಗಳನ್ನೊಮ್ಮೆ ನೋಡಿ ವಾಪಸು ಹೋದರು. ತಳದ ಹಿಟ್ಟನ್ನು ಅತ್ತೆ ಕಲ್ಯಾಣಕ್ಕೆ ಒಯ್ಯುತ್ತಾಳೆ ಎಂದುಕೊಂಡು ನಾನು ಸ್ಟೀಲಿನ ಡಬ್ಬಿ ತೊಳೆದು ಇಟ್ಟಿದ್ದೆ. ಅವಳು ಡಬ್ಬಿಯನ್ನು ನೋಡಲೇ ಇಲ್ಲ. ಪಾತ್ರೆಯನ್ನು ಒಲೆಯ ಹತ್ತಿರ ತಂದು, ಒಳಗೆ ಕೈ ಹಾಕಿ, ಅಂಚು, ಬದಿ, ತಳ ಎಲ್ಲ ಬಳಿದು, ಚೂರು ನೀರು ಹಾಕಿ ಅಲುಗಿಸಿ ಕಾವಲಿಗೆ ಹೊಯ್ದಳು. ತೆಳ್ಳಗಿನ ಒಂದೇ ಒಂದು ದೋಸೆ. ಅದನ್ನು ಮಡಚಿ ಬಾಳೆ ಎಲೆಯ ತುಂಡಿನಲ್ಲಿಟ್ಟು ನನ್ನ ಕೈಗೆ ಕೊಟ್ಟಳು.

"ತಿನ್ನು ಮಗಾ. ಮುಗೀತು."

ಒಲೆಯ ಎದುರೇ ಹೇಳಿದಳು. ಅಪ್ಪ ಗಲ್ಲಾದಿಂದ ಎದ್ದು ಬಂದ. "ಅಕ್ಕಾ, ಹೊಸ ಬಿಲ್ಡಿಂಗ್ ಆದ ಮೇಲೆ ನಾವು..." ಎಂದು ಏನೋ ಶುರುಮಾಡಿದ. "ಸಾಕು ಸುಮ್ನಿರು. ನಿನ್ನ ಇಂಗ್ಲಿಷ್ ನಂಗೆ ಅರ್ಥ ಆಗುದಿಲ್ಲ ಅಂತ ಮಾಡಿದ್ಯಾ?" ಎಂದಳು ಅತ್ತೆ. ಅವಳು ಅಳಲಿಲ್ಲ. ಅತ್ತದ್ದು ಅಪ್ಪ. ಅಷ್ಟು ದೊಡ್ಡ ಗಂಡಸು, ಹಿಟ್ಟಿನ ಗ್ರೈಂಡರಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಅತ್ತೆ ಪಾತ್ರೆ ತೊಳೆದು ಬೋರಲು ಹಾಕಿದಳು. ನಾನು ಅಲ್ಲೇ ನಿಂತು ದೋಸೆ ತಿಂದೆ, ಒಂದು ಚೂರನ್ನೂ ಬಿಡಲಿಲ್ಲ.

ಕಲ್ಯಾಣದಲ್ಲಿ ಅವಳು ಹಾಸಿಗೆ ಹಿಡಿಯಲಿಲ್ಲ. ಪೊಟ್ಟಣದ ಹಿಟ್ಟಿನ ದೋಸೆಯನ್ನು ಬೈದುಕೊಂಡೇ ತಿಂದು, ಬಾಲ್ಕನಿಯಲ್ಲಿ ತುಳಸಿ ಬೆಳೆಸಿಕೊಂಡು ಬಹಳ ವರ್ಷ ಇದ್ದಳು. ನಾನು ಕೆಲಸಕ್ಕೆ ಸೇರಿ ಖಾರಘರಕ್ಕೆ ಬಂದ ಮೇಲೆ ಒಂದು ದಿನ ಅಪ್ಪ ಫೋನ್ ಮಾಡಿ, "ಅತ್ತೆ ಎಕ್ಸ್‌ಪೈರ್ ಆದ್ಲು ಮಗಾ," ಎಂದ. ಬ್ರೆಡ್ಡಿನ ಪೊಟ್ಟಣದ ಶಬ್ದ! ಕ್ಷಣಹೊತ್ತು ಅಪ್ಪನ ಮೇಲೆ ಸಿಟ್ಟೇ ಬಂತು. ಆಮೇಲೆ ತಿಳಿಯಿತು, ತೀರಿಕೊಂಡಳು ಎಂಬ ಕನ್ನಡದ ಮಾತು ಅವನ ಬಾಯಿಗೆ ಬಂದಿಲ್ಲ, ಬರುವುದೂ ಇಲ್ಲ.

ಇವತ್ತು ಕಟ್ಟೆ ಒರೆಸಿ, ಇಡ್ಲಿಗೆ ಹೊಯ್ದು, ಅಭ್ಯಾಸದಂತೆ ತಳದಲ್ಲಿ ಒಂದು ಸೌಟು ಹಿಟ್ಟು ಬಿಟ್ಟೆ. ನಾಳೆಯ ಹಿಟ್ಟು ಇದರ ಮೇಲೆ ಬೀಳುತ್ತದೆ. ಇದು ನನ್ನ ಹಿಟ್ಟು. ಅತ್ತೆಯದು ಮುಗಿಯಿತು. ಅದನ್ನು ನಾನೇ ತಿಂದಿದ್ದೇನೆ.