ಕವುಚಿಟ್ಟ ಬೋಗುಣಿಯ ಮೀನುಮರಿಗಳು

ಯಾರಾದರೂ ಮನೆಗೆ ಬಂದು ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ನಾನು ಕುಕ್ಕರ್ ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಕಣ್ಣಿಗೆ ಕಂಡದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ ಎಂದು ವಿಜ್ಞಾನ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಬಹರೈನ್‌ನಲ್ಲಿ, ಟುಬ್ಲಿಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಹಾಡುಹಗಲಲ್ಲಿ ನಡೆದದ್ದಕ್ಕೆ ನಾನು ಈವರೆಗೂ ಕಾರಣ ಹುಡುಕುತ್ತಲೇ ಇದ್ದೇನೆ. ತಾಳ್ಮೆ ಮಾತ್ರ ಉಳಿದಿಲ್ಲ. ಇದನ್ನು ಬರೆಯುವಾಗ ನನಗೆ ಭಯವಾಗುತ್ತಿಲ್ಲ, ಸಿಟ್ಟು ಬರುತ್ತಿದೆ. ಓದುವವರು ಕ್ಷಮಿಸಬೇಕು.

ನಮ್ಮ ಕಟ್ಟಡದ ಹಿಂದೆ ಒಂದು ಖರ್ಜೂರದ ತೋಟವಿತ್ತು. ಅದರೊಳಗೆ ಹಳೆಯ ಒಂದು ನೀರಿನ ಬುಗ್ಗೆ, ಬುಗ್ಗೆಯಿಂದ ಹೊರಟ ಎರಡು ಮೊಳ ಅಗಲದ ಕಾಲುವೆ. ಈ ದ್ವೀಪದಲ್ಲಿ ಒಂದು ಕಾಲಕ್ಕೆ ಇಂಥ ಬುಗ್ಗೆಗಳು ಬೇಕಾದಷ್ಟಿದ್ದವಂತೆ, ಈಗ ಹೆಚ್ಚಿನವು ಬತ್ತಿವೆ. ಇದು ಹೇಗೋ ಉಳಿದಿತ್ತು. ತೋಟವನ್ನು ಗೇಣಿಗೆ ನೋಡಿಕೊಳ್ಳುತ್ತಿದ್ದವರು ಉಮ್ಮ್ ಯೂಸುಫ್, ಅಂದರೆ ಯೂಸುಫ್‌ನ ತಾಯಿ. ಎಪ್ಪತ್ತು ದಾಟಿದ ಬಹರೈನಿ ಹೆಂಗಸು. ಬೇರೆ ಹೆಸರಿನಿಂದ ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ನಮ್ಮ ಮಾತು ನಡೆಯುತ್ತಿತ್ತು.

ನಮ್ಮಿಬ್ಬರ ಸ್ನೇಹ ಬೆಳೆದದ್ದು ಒಂದು ಬೋಗುಣಿಯಿಂದ. ನೀಲಿ ಅಂಚಿನ ಬಿಳಿಯ ಎನಾಮಲ್ ಬೋಗುಣಿ, ಅಂಚಿನಲ್ಲಿ ಒಂದು ಕಡೆ ಉಗುರಿನಷ್ಟು ಬಣ್ಣ ಹಾರಿತ್ತು. ಅದರಲ್ಲಿ ಅವರು ಸಿಹಿ ಶಾವಿಗೆಯ ಮೇಲೆ ಮೊಟ್ಟೆ ಹರಡಿ ಕೊಡುತ್ತಿದ್ದರು, ನಾನು ಅದರಲ್ಲೇ ಹಾಲುಬಾಯಿಯನ್ನೋ ಕಡಲೆಬೇಳೆ ಪಾಯಸವನ್ನೋ ತುಂಬಿ ಒಯ್ಯುತ್ತಿದ್ದೆ. ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದು ಅವರಲ್ಲೂ ಇಲ್ಲ, ನಮ್ಮ ಉಡುಪಿ ಕಡೆಯಲ್ಲೂ ಇಲ್ಲ. ಹಾಗಾಗಿ ಅದು ನಾಲ್ಕು ವರ್ಷ ಎರಡು ಮನೆಗಳ ನಡುವೆ ಓಡಾಡಿತು.

ಕಾಲುವೆಯಲ್ಲಿ ಹೆಬ್ಬೆರಳಿನ ಗೆಣ್ಣಿನಷ್ಟು ಉದ್ದದ ಮೀನುಗಳಿದ್ದವು. ಗಂಡಿನ ಬಾಲದಲ್ಲಿ ಹಳದಿ ಪಟ್ಟೆ, ಹೆಣ್ಣಿನ ಮೈಮೇಲೆ ಮಾಸಲು ಗೆರೆ. ಯಾರೂ ತಂದು ಬಿಟ್ಟದ್ದಲ್ಲ, ಯಾರೂ ಅನ್ನ ಹಾಕಿದ್ದಲ್ಲ. ಮರಿಗಳನ್ನು ನೋಡುವುದು ಹೇಗೆಂದು ಉಮ್ಮ್ ಯೂಸುಫ್ ನನಗೆ ಕಲಿಸಿದರು. ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಬೇಕು, ಅಂಚಿನ ಹುಲ್ಲಿನ ಬುಡದಲ್ಲಿ ನೋಡಬೇಕು, ಉಸಿರು ಹತ್ತು ಎಣಿಸುವವರೆಗೆ ಅಲುಗಬಾರದು. ಆಮೇಲೆ ಕಾಣುತ್ತದೆ: ಮೊದಲು ಸಾಸಿವೆಯಂಥ ಎರಡು ಕಣ್ಣು, ನಂತರ ಗಾಜಿನ ಎಳೆಯಂಥ ಮೈ. “ಇವು ನನ್ನ ಅಜ್ಜಿಗಿಂತ ಮೊದಲಿನವು,” ಎನ್ನುತ್ತಿದ್ದರು ಅವರು.

ನನ್ನ ಯಜಮಾನರು, ಮುಂದೆ ‘ಇವರು’ ಎಂದರೆ ಅವರೇ, ಒಂದು ಸಣ್ಣ ಕಾಂಟ್ರ್ಯಾಕ್ಟ್ ಕಂಪನಿಯಲ್ಲಿ ಸೈಟ್ ಎಂಜಿನಿಯರ್. ಅದೇ ತೋಟದಲ್ಲಿ ಸಾಲು ವಿಲ್ಲಾ ಕಟ್ಟುವ ಕೆಲಸ ಇವರ ಕಂಪನಿಗೆ ಸಿಕ್ಕಿತು. ಒಂದೇ ಷರತ್ತು. ನೀರಿನಲ್ಲಿ ತಾನಾಗಿ ಮರಿ ಮಾಡುವ ಮೀನಿದ್ದರೆ ಕಾಲುವೆ ಮುಚ್ಚುವಂತಿಲ್ಲ, ನಕ್ಷೆ ಬದಲಿಸಬೇಕು. ಯಾರೋ ಸಾಕಲು ತಂದು ಬಿಟ್ಟ ಮೀನಾದರೆ ಅಡ್ಡಿಯಿಲ್ಲ. ಇದನ್ನು ಪರೀಕ್ಷಿಸಲು ಬಂದವರು ಚಳಿದೇಶದ ಒಬ್ಬ ವಯಸ್ಸಾದ ತಜ್ಞರು. ಇವರು ಅವರನ್ನು ಒಂದು ಸಂಜೆ ಚಹಾಕ್ಕೆ ಕರೆತಂದರು. ನಾನು ಗೋಳಿಬಜೆ ಮಾಡಿದ್ದೆ. ಬಜೆಯನ್ನು ಎರಡಾಗಿ ಬಿಡಿಸಿ ಒಳಗೆ ನೋಡಿ ತಿನ್ನುವ ಮನುಷ್ಯ. ಅವರ ಊರಿನ ತಣ್ಣೀರ ತೊರೆಗಳಲ್ಲಿ ಟ್ರೌಟ್ ಎಂಬ ಮೀನಂತೆ. ಯಾವ ತೊರೆಯಲ್ಲಿ ಅದು ತಾನಾಗಿ ಹುಟ್ಟುತ್ತದೆ, ಯಾವುದರಲ್ಲಿ ಲಾರಿಯಲ್ಲಿ ತಂದು ಸುರಿದದ್ದು ಎಂದು ಗುರುತಿಸುವುದರಲ್ಲೇ ಆಯುಷ್ಯ ಕಳೆದರಂತೆ. “ದೊಡ್ಡ ಮೀನನ್ನು ನಾನು ನಂಬುವುದಿಲ್ಲ. ಅದನ್ನು ಯಾರು ಬೇಕಾದರೂ ತಂದು ಬಿಡಬಹುದು. ಮರಿ ಸಿಕ್ಕರೆ ಮಾತ್ರ ತೊರೆ ಜೀವಂತ ಎಂದು ಬರೆಯುತ್ತೇನೆ,” ಎಂದರು.

ನನಗೆ ಎಷ್ಟು ಖುಷಿಯಾಯಿತೆಂದರೆ, ಅವರು ಹೋದ ಮೇಲೆ ಲೋಟ ತೊಳೆಯುತ್ತಾ ಇವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮರಿಗಳಿವೆ, ನಾನೇ ನೋಡಿದ್ದೇನೆ, ಹುಲ್ಲಿನ ಬುಡದಲ್ಲಿ ಹೀಗೆ ಹುಡುಕಿದರೆ ಸಿಗುತ್ತವೆ ಎಂದು. ಇವರು ತುಂಬ ಗಮನವಿಟ್ಟು ಕೇಳಿದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೊಂದೇ ಸಲ.

ಆ ಗುರುವಾರ ಸಂಜೆ ಇವರು ಎರಡು ಐಸ್‌ಬಾಕ್ಸಿನಲ್ಲಿ ಜೀವಂತ ತಿಲಾಪಿಯಾ ತಂದರು. ನಮ್ಮ ಬಯಲುಸೀಮೆಯವರು ಜಿಲೇಬಿ ಮೀನು ಅನ್ನುತ್ತಾರಲ್ಲ, ಅದೇ. “ಆಫೀಸಿನ ಪಾರ್ಟಿಗೆ ಮಾರಾಯ್ತಿ, ನಾಳೆ ಬೆಳಿಗ್ಗೆವರೆಗೆ ಬಾತ್‌ಟಬ್ಬಲ್ಲಿ ಇರ್ಲಿ,” ಎಂದರು. ಪಾಪದ ಪ್ರಾಣಿಗಳೆಂದು ನಾನು ಬ್ರೆಡ್ ಪುಡಿ ಮಾಡಿ ಹಾಕಿದೆ. ಒಂದಕ್ಕೆ ಬಾಲದ ಕೆಳತುದಿ ಹರಿದಿತ್ತು, ಎಡಗಣ್ಣಿನ ಮೇಲೆ ಬಿಳಿ ಮಚ್ಚೆ. ಮಗಳು ಅನಘಾ ಅದಕ್ಕೆ ‘ಪೈರೇಟ್’ ಎಂದು ಹೆಸರಿಟ್ಟಳು. ಬೆಳಿಗ್ಗೆ ಮೀನೂ ಇಲ್ಲ, ಇವರೂ ಇಲ್ಲ.

ಶನಿವಾರ ನಾನು ಬೋಗುಣಿಯಲ್ಲಿ ಪಾಯಸ ತುಂಬಿಕೊಂಡು ತೋಟಕ್ಕೆ ಹೋದೆ. ಕಾಲುವೆಯ ಹತ್ತಿರ ಅಭ್ಯಾಸಬಲದಿಂದ ನೆರಳು ಹಿಂದಕ್ಕೆ ಬೀಳುವಂತೆ ನಿಂತೆ. ಹುಲ್ಲಿನ ಬುಡದಲ್ಲಿ ಮೂತಿ ತೂರಿಸಿ ಗಬಗಬನೆ ಏನನ್ನೋ ತಿನ್ನುತ್ತಿತ್ತು ಹರಿದ ಬಾಲದ ಮೀನು. ಎಡಗಣ್ಣಿನ ಮೇಲೆ ಬಿಳಿ ಮಚ್ಚೆ. ಆಚೆ ದಡದಲ್ಲಿ ಉಮ್ಮ್ ಯೂಸುಫ್ ಕೋಲಿನಿಂದ ನೀರನ್ನು ಬಡಿಯುತ್ತಾ “ಯಾರು ತಂದು ಬಿಟ್ಟರು ಇದನ್ನು? ಯಾರ ಕೈ ಇದು?” ಎಂದು ಕೂಗುತ್ತಿದ್ದರು. ನಾನು ಅಲ್ಲಿಂದಲೇ ಹಿಂದಿರುಗಿದೆ. ಪಾಯಸವನ್ನು ಸಿಂಕಿಗೆ ಸುರಿದು, ಬೋಗುಣಿ ತೊಳೆದು, ಒರೆಸಿ, ಅಡುಗೆಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಕವುಚಿ ಇಟ್ಟೆ.

ಇವರೊಡನೆ ಜಗಳ ಆಯಿತೆಂದು ಬೇರೆ ಹೇಳಬೇಕಿಲ್ಲ. ಬಾಸ್ ಹೇಳಿದ್ದು, ತನ್ನ ಕೈಯಲ್ಲಿ ಎಂತ ಉಂಟು, ಕೆಲಸ ಹೋದರೆ ವೀಸಾ ಹೋಗ್ತದೆ, ಮಗಳ ಶಾಲೆ ಹೋಗ್ತದೆ. “ನಾಲ್ಕು ಸೊಳ್ಳೆಯಷ್ಟು ಮೀನಿಗೆ ನೀನು ಸಂಸಾರ ಬೀದಿಗೆ ಹಾಕ್ತೀಯಾ?” ಎಂದರು. ನಾನು ಮಾತು ಬಿಟ್ಟೆ. ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ.

ಮಂಗಳವಾರ ತಜ್ಞರು ಬಲೆ ಹಾಕಿದರು. ಸಿಕ್ಕಿದ್ದು ತಿಲಾಪಿಯಾ ಮಾತ್ರ, ಸಣ್ಣ ಮೀನುಗಳನ್ನೆಲ್ಲ ಅವು ತಿಂದು ಮುಗಿಸಿದ್ದವು. ಮುದುಕಿ ಎಷ್ಟು ಆಣೆ ಹಾಕಿ ಹೇಳಿದರೂ ಆಣೆಯನ್ನು ಬಲೆಯಲ್ಲಿ ಹಿಡಿಯಲಾಗುವುದಿಲ್ಲವಲ್ಲ. ಆಕ್ಷೇಪಣೆಗೆ ಮುಂದಿನ ಸೋಮವಾರದವರೆಗೆ ಸಮಯವಿಟ್ಟರು. ಮರುದಿನವೇ ಕಂಪನಿಯವರು ಬುಗ್ಗೆಯ ಬಾಯಿಗೆ ಪೈಪು ಹಾಕಿ ನೀರನ್ನು ಬೇರೆ ಕಡೆ ತಿರುಗಿಸಿದರು. ಕಾಲುವೆ ಎರಡೇ ದಿನದಲ್ಲಿ ಒಣಗಿ ಬಿರಿಯಿತು. ಉಮ್ಮ್ ಯೂಸುಫ್‌ರನ್ನು ಮಗ ಬಂದು ಮನಾಮಾದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ.

ಇನ್ನು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಸೋಮವಾರ, ಮಧ್ಯಾಹ್ನ ಒಂದೂವರೆ ಗಂಟೆ. ಇವರು ಊಟಕ್ಕೆ ಬಂದಿದ್ದರು. ಅನಘಾ ಅಂದು ಜ್ವರವೆಂದು ಶಾಲೆಗೆ ಹೋಗದೆ ಸೋಫಾದಲ್ಲಿ ಮಲಗಿದ್ದಳು. ಸಾರಿನ ಬಟ್ಟಲು ತೆಗೆಯಲು ನಾನು ಕಪಾಟು ತೆರೆದೆ. ಕವುಚಿಟ್ಟಿದ್ದ ಬೋಗುಣಿ ನೆಟ್ಟಗೆ ಕುಳಿತಿತ್ತು. ಕುರ್ಚಿ ಎಳೆದು ಹತ್ತಿ ನೋಡಿದೆ. ಅಂಚಿನವರೆಗೆ ನೀರು. ಅರೆಯ ಮೇಲೆ ಹಾಸಿದ್ದ ಕಾಗದ ಒಣಗಿತ್ತು, ಪಕ್ಕದ ಸ್ಟೀಲ್ ತಟ್ಟೆಗಳ ಮೇಲೆ ಒಂದು ಹನಿಯೂ ಇರಲಿಲ್ಲ. ಎರಡೂ ಕೈಯಲ್ಲಿ ಬೋಗುಣಿ ಇಳಿಸಿದೆ. ನೀರು ಉಗುರು ಬೆಚ್ಚಗಿತ್ತು, ಬುಗ್ಗೆಯ ನೀರು ಹೇಗಿರುತ್ತಿತ್ತೋ ಹಾಗೆ. ನೆನೆದ ಖರ್ಜೂರದ ಬೇರಿನ ವಾಸನೆ. ನಾನು ಉಸಿರು ಹತ್ತು ಎಣಿಸಿದೆ. ಮೊದಲು ಕಂಡದ್ದು ಸಾಸಿವೆಯಂಥ ಕಣ್ಣುಗಳು. ಏಳು ಮರಿಗಳು.

ಇವರು ಎದ್ದು ಬಂದು ನೋಡಿದರು. ಕೈಯಲ್ಲಿ ಅನ್ನ ಹಾಗೇ ಇತ್ತು. “ಎಂತ ಇದು?” ಎಂದರು. ನಂತರ ಮಗಳ ಕಡೆ ತಿರುಗಿ, “ಅನಘಾ, ಇದು ನಿನ್ನ ಕಿತಾಪತಿಯಾ?”

“ನಾನಲ್ಲ ಪಪ್ಪಾ. ಪ್ರಾಮಿಸ್. ನಂಗೆ ಅಲ್ಲಿಗೆ ರೀಚೇ ಆಗಲ್ಲ.”

ಅದು ನಿಜ. ಕುರ್ಚಿ ಹತ್ತಿದರೂ ಆ ಅರೆ ಅವಳಿಗೆ ಎಟಕುತ್ತಿರಲಿಲ್ಲ. ಎಟಕಿದ್ದರೂ ನೀರೆಲ್ಲಿಂದ? ಕಾಲುವೆ ಒಣಗಿ ಮೂರು ದಿನವಾಗಿತ್ತು. ನಮ್ಮ ನಲ್ಲಿಯ ನೀರಿಗೆ ಕ್ಲೋರಿನ್ ವಾಸನೆ. ಮನೆಯ ಬೀಗದ ಕೈ ನಮ್ಮಿಬ್ಬರ ಹತ್ತಿರ ಮಾತ್ರ. ಇವೆಲ್ಲವನ್ನೂ ನಾನು ನಂತರ ಯೋಚಿಸಿದ್ದು. ಆಗ ಯೋಚಿಸಿದ್ದು ಒಂದೇ: ಇಂದು ಸೋಮವಾರ, ಕೊನೆಯ ದಿನ. ಬೋಗುಣಿಯ ಮೇಲೆ ತಟ್ಟೆ ಮುಚ್ಚಿ, ಮನಾಮಾದಲ್ಲಿದ್ದ ತಜ್ಞರ ಆಫೀಸಿಗೆ ಹೊರಟೆ. ಇವರು ಬಾಗಿಲಿಗೆ ಅಡ್ಡ ನಿಂತರು. “ನಿನ್ನ ಕಾಲು ಹಿಡಿತೇನೆ,” ಎಂದರು. “ಹಿಡೀರಿ, ಆದರೆ ಕೈ ತೊಳೆದು ಹಿಡೀರಿ,” ಎಂದೆ. ಅಂಥ ಮಾತು ನನ್ನ ಬಾಯಿಂದ ಅದುವರೆಗೆ ಬಂದಿರಲಿಲ್ಲ.

ಟ್ಯಾಕ್ಸಿಯವನು ಮಂಗಳೂರಿನ ಬ್ಯಾರಿ. ನಾನು ತಟ್ಟೆ ಸರಿಸಿ ಪದೇಪದೇ ನೋಡುವುದನ್ನು ಕನ್ನಡಿಯಲ್ಲಿ ಕಂಡು, “ಅಕ್ಕಾ, ಇದ್ರಲ್ಲಿ ಒಂದು ತುತ್ತಿಗೆ ಸಾರು ಸಹ ಆಗ್ಲಿಕ್ಕಿಲ್ಲ,” ಎಂದ. ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ: ಬಾತ್‌ಟಬ್ಬು, ಐಸ್‌ಬಾಕ್ಸು, ಹರಿದ ಬಾಲ, ಎಲ್ಲವನ್ನೂ ಹೇಳಬೇಕು. ಮನಾಮಾ ತಲಪುವವರೆಗೆ ಒಂದು ಹನಿ ಚೆಲ್ಲಲಿಲ್ಲ.

ತಜ್ಞರು ಭೂತಗನ್ನಡಿ ಹಿಡಿದು ನೋಡಿದರು. ಮುಖ ಅರಳಿತು. “ಹತ್ತು ದಿನದ ಮರಿಗಳು, ಅಪ್ಪಟ ಕಾಲುವೆಯ ಜಾತಿ,” ಎಂದು ಅರ್ಜಿಯ ಹಾಳೆ ಎಳೆದುಕೊಂಡರು. “ಎಲ್ಲಿ ಸಿಕ್ಕಿದವು?”

“ನನ್ನ ಅಡುಗೆಮನೆಯ ಕಪಾಟಿನಲ್ಲಿ. ಕವುಚಿಟ್ಟ ಬೋಗುಣಿಯಲ್ಲಿ.”

ಅವರು ಹಾಳೆಯಿಂದ ಪೆನ್ನು ಎತ್ತಿದರು. ಮತ್ತೆ ನಿಧಾನವಾಗಿ, ಮಗುವಿಗೆ ಉತ್ತರ ಹೇಳಿಕೊಡುವವರ ಹಾಗೆ ಕೇಳಿದರು. “ಮೇಡಂ, ಯೋಚಿಸಿ ಹೇಳಿ. ಕಾಲುವೆಯಲ್ಲಿ ಎಲ್ಲಿ ಸಿಕ್ಕಿದವು?”

“ಕಪಾಟಿನಲ್ಲಿ,” ಎಂದೆ.

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. ಕಪಾಟು ಎಂದು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಸುಳ್ಳು ಹೇಳಬಾರದೆಂದು ಕಲಿತವಳು ನಾನು, ಹೇಳಲಿಲ್ಲ. ಹಾಗೆಂದು ನಾನೇ ನನ್ನ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಬಾತ್‌ಟಬ್ಬಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಇವರ ಕೆಲಸ, ವೀಸಾ, ಅನಘಾಳ ಶಾಲೆಯ ಯೂನಿಫಾರ್ಮ್, ಎಲ್ಲವೂ ಅದರ ಹಿಂದೆಯೇ ಬಂದು ನಿಂತವು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಯಾರೂ ನಂಬಲಾರದ ಸತ್ಯವನ್ನು ಎರಡು ಸಲ ಹೇಳಿ, ಎಲ್ಲರೂ ನಂಬಬಹುದಾಗಿದ್ದ ಸತ್ಯವನ್ನು ನುಂಗಿಕೊಂಡು ಬಂದೆ. ಇವರ ಮೇಲೆ, ಇವರ ಬಾಸ್ ಮೇಲೆ ನನಗಿರುವ ಸಿಟ್ಟು ಒಂದು ದಿನ ಇಳಿಯಬಹುದು. ನನ್ನ ಮೇಲಿನದು ಇಳಿಯುವುದಿಲ್ಲ.

ಅಲ್ಲಿಂದ ನೇರ ಉಮ್ಮ್ ಯೂಸುಫ್‌ರ ಮಗನ ಫ್ಲ್ಯಾಟಿಗೆ ಹೋದೆ. ಏಳನೆಯ ಮಹಡಿ. ಬೋಗುಣಿಯನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಮರಿಗಳ ಗುಟ್ಟನ್ನು ನಾನೇ ಬಿಟ್ಟುಕೊಟ್ಟದ್ದು, ತಿಲಾಪಿಯಾಕ್ಕೆ ಬ್ರೆಡ್ ಹಾಕಿದ್ದು, ಆಫೀಸಿನಲ್ಲಿ ಬಾಯಿ ಮುಚ್ಚಿ ಕುಳಿತದ್ದು. ಅವರು ಬೈಯುತ್ತಾರೆಂದು ಕಾದೆ. ಅವರು ತಟ್ಟೆ ಸರಿಸಿ ನೋಡಿದರು. ಆಶ್ಚರ್ಯಪಡಲಿಲ್ಲ, ಇದೇ ಸಂಗತಿ ನನ್ನನ್ನು ಇಂದಿಗೂ ಕಾಡುವುದು. ಬಾಲ್ಕನಿಯಲ್ಲಿದ್ದ ದೊಡ್ಡ ಗಾಜಿನ ಜಾಡಿಗೆ ನೀರನ್ನೂ ಮರಿಗಳನ್ನೂ ನಿಧಾನವಾಗಿ ಸುರಿದರು. ಬೋಗುಣಿ ತೊಳೆದರು. “ಖಾಲಿ ತರಲಿಲ್ಲ ನೀನು, ಯಾ ಬಿಂತಿ,” ಎಂದರು. ಮಗಳೇ ಎಂದೇ ಕರೆದರು. ಆದರೆ ಬೋಗುಣಿಯನ್ನು ಒರೆಸಿ ತಮ್ಮ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಅದು ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ.

ಬುಧವಾರ ಕಾಲುವೆಗೆ ಕಾಂಕ್ರೀಟ್ ಸುರಿದರು. ವಿಲ್ಲಾಗಳು ಎದ್ದವು, ಅವುಗಳ ಮುಂದೆ ಈಗ ಕಾರಂಜಿ ಇದೆ, ಅದರಲ್ಲಿ ಅಂಗಡಿಯಿಂದ ತಂದ ಕೆಂಪು ಮೀನುಗಳಿವೆ. ಜಾಡಿಯ ಮರಿಗಳು ಬದುಕಿದವೋ ಇಲ್ಲವೋ ನನಗೆ ತಿಳಿಯದು, ಕೇಳಲು ಮುಖವಿಲ್ಲ.

ಆ ನೀರು ಹೇಗೆ ಬಂತು? ಯಾರಾದರೂ ಬುದ್ಧಿವಂತರು ಓದಿದರೆ ಹೇಳಲಿ, ನಾನು ಕುಕ್ಕರ್ ನೋಡಲು ಎದ್ದು ಹೋಗುವುದಿಲ್ಲ. ಇವರಂತೂ ಅನಘಾಳದೇ ಕೆಲಸ ಎಂದು ಇಂದಿಗೂ ಸಾಧಿಸುತ್ತಾರೆ. ಆದರೆ ಆ ಕಪಾಟನ್ನು ಮಾತ್ರ ತಾವಾಗಿ ತೆರೆಯುವುದಿಲ್ಲ. ಲೋಟಗಳೂ ಅದರಲ್ಲೇ ಇವೆ. ಆಫೀಸಿನಿಂದ ಬಂದು ಕಪಾಟಿನ ಮುಂದೆ ನಿಂತು, “ಸ್ವಲ್ಪ ನೀರು ಕೊಡ್ತೀಯಾ?” ಎಂದು ಕರೆಯುತ್ತಾರೆ. ನಾನು ಒಗೆದ ಬಟ್ಟೆ ಮಡಚುತ್ತಾ ಕುಳಿತಿರುತ್ತೇನೆ. ಬಾಯಾರಿಕೆಯಾದರೆ ಬಾಗಿಲು ತೆರೆದು ತಾವೇ ತೆಗೆದುಕೊಳ್ಳಲಿ.